ತಿಮ್ಮೇಶ ಏನು ನೋಡಲು ಹೋಗಿದ್ದ

ಬಿಳಿಚೋಡು
೧೨ ನವೆಂಬರ್ ೨೦೨೪

ಮಗಳೇ ದುರ್ಗಾ,

ನೀನು ದಾವಣಗೆರೆ ಬಸ್ಸು ಹತ್ತಿದ ಮೇಲೆ ಸಂಧ್ಯಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈಗ ಪರವಾಗಿಲ್ಲ. ದಿನಾ ಸಂಜೆ ಫೋನಿನಲ್ಲಿ ಅವಳ ಹರಟೆ ನೀನೇ ಕೇಳುತ್ತೀಯಲ್ಲ. ಫೋನು ಅವಳ ಕೈಗೆ ಹೋದರೆ ನನ್ನ ಮಾತು ನನ್ನ ಹತ್ತಿರವೇ ಉಳಿಯುತ್ತದೆ. ಜೊತೆಗೆ ಈ ಮಾತು ಅವಳ ಕಿವಿಗೆ ಬೀಳಬಾರದು. ಅದಕ್ಕೇ ಕಾಗದ ಹಿಡಿದೆ. ಅಂಗನವಾಡಿ ಕೆಲಸ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮೊನ್ನೆ ಶಾಲೆಯಲ್ಲಿ ಬಣ್ಣದ ಪೆನ್ಸಿಲ್ಲಿಗೆ ಜಗಳವಾಗಿದೆ. ಮೂರನೇ ಕ್ಲಾಸಿನ ಮಕ್ಕಳ ಜಗಳ ಎಂದರೆ ಗೊತ್ತಲ್ಲ, ಗಂಟೆಗೊಂದು. ಆದರೆ ಈ ಸಲ ಅವಳ ಜೊತೆಯ ಹುಡುಗಿ, ‘ನಿಮ್ಮಪ್ಪ ಕುಡುದು ಬಾಯ್ಲರ್ ಹತ್ರ ಹೋಗಿ ಬೆಂದು ಸತ್ತ’ ಎಂದಳಂತೆ. ಮನೆಯಲ್ಲಿ ದೊಡ್ಡವರು ಆಡಿದ್ದನ್ನು ಮಗು ಆಡಿದೆ, ಅದರ ಮೇಲೆ ನನಗೆ ಸಿಟ್ಟಿಲ್ಲ.

ಸಂಧ್ಯಾ ಬ್ಯಾಗನ್ನೂ ಇಳಿಸದೆ ಬಂದು ನನ್ನ ಎದುರು ನಿಂತಳು. “ಅಜ್ಜಿ, ಅಪ್ಪ ಕುಡೀತಿದ್ನಾ?” ಎಂದಳು.

“ಇಲ್ಲ ಕಣವ್ವಾ. ಒಂದಿನಾನೂ ಕುಡುದೋನಲ್ಲ.”

“ಹಂಗಾರೆ ಅಲ್ಲಿಗೆ ಯಾಕೆ ಹೋಗಿದ್ದ? ಏನ್ ನೋಡಾಕೆ ಹೋಗಿದ್ದ?”

ಅವಳ ಬ್ಯಾಗು ಇಳಿಸಿ, ಕೈಕಾಲು ತೊಳೆದುಕೊ ಎಂದೆ ದುರ್ಗಾ. ನನಗೇ ಗೊತ್ತಿಲ್ಲ. ಫೆಬ್ರವರಿ ಬಂದರೆ ನಾಲ್ಕು ವರ್ಷವಾಗುತ್ತದೆ, ಹೆತ್ತವಳು ನಾನು, ನನ್ನ ಮಗ ಆ ಹೊತ್ತಿನಲ್ಲಿ ಅಲ್ಲಿ ಏಕಿದ್ದ ಎಂದು ನನಗೆ ಗೊತ್ತಿಲ್ಲ. ನಿನಗೆ ಗೊತ್ತಿರಬೇಕು. ನೀನೂ ಅದೇ ವಿದ್ಯೆ ಓದಿದವಳು, ಅಂಥದೇ ಕಡೆ ಕೆಲಸ ಮಾಡುತ್ತಿರುವವಳು.

ಕಬ್ಬು ಅರೆಯುವುದು ಮುಗಿಯುವವರೆಗೆ ನಿನಗೆ ರಜೆ ಸಿಗುವುದಿಲ್ಲ ಎಂಬುದು ಗೊತ್ತು. ಬಿಡುವಾದಾಗ ಬರೆ.

ನಿನ್ನ ಅತ್ತೆ
ಉಚ್ಚಂಗೆಮ್ಮ


ಹೊನ್ನಾಳಿ
೨೪ ನವೆಂಬರ್ ೨೦೨೪

ಅತ್ತೆಯವರಿಗೆ ನಿಮ್ಮ ದುರ್ಗಾಂಬಿಕಾಳ ನಮಸ್ಕಾರ.

ನಿಮ್ಮ ಅಕ್ಷರ ಸೊಟ್ಟಗಿಲ್ಲ. ಮುತ್ತಿನ ಹಾಗಿದೆ. ನನ್ನದೇ ಓಡಿಹೋಗುವ ಅಕ್ಷರ, ಕ್ಷಮಿಸಿ.

ಇಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ಶುರುವಾಗಿದೆ. ಕಬ್ಬಿನ ಲಾರಿ, ಟ್ರ್ಯಾಕ್ಟರು ಗೇಟಿನಿಂದ ಮುಖ್ಯರಸ್ತೆಯವರೆಗೂ ನಿಂತಿರುತ್ತವೆ. ಊರೆಲ್ಲ ಬೆಲ್ಲದ ವಾಸನೆ. ಕತ್ತಲಗೆರೆಯಿಂದ ನಮ್ಮಮ್ಮ ಒಮ್ಮೆ ಬಂದು ಉಪ್ಪಿನಕಾಯಿ ಕೊಟ್ಟು ಹೋದರು. ಊಟಕ್ಕೆ ತೊಂದರೆಯಿಲ್ಲ.

ನಾನು ಇಲ್ಲಿ ಮಾಡುವ ಕೆಲಸ ಏನೆಂದು ನಿಮಗೆ ಯಾವತ್ತೂ ಬಿಡಿಸಿ ಹೇಳಿಲ್ಲ. ಕಬ್ಬಿನ ಸಿಪ್ಪೆ ಉರಿಸಿ ಬಾಯ್ಲರಿನಲ್ಲಿ ಹಬೆ ಮಾಡುತ್ತಾರೆ. ಆ ಹಬೆ ಟರ್ಬೈನ್ ತಿರುಗಿಸುತ್ತದೆ, ಅದರಿಂದ ಕರೆಂಟು. ಹಬೆ ಒಳಗೆ ಹೋಗುವ ಬಾಗಿಲಿಗೆ ವಾಲ್ವ್ ಅನ್ನುತ್ತಾರೆ. ಒಂದು ಉಕ್ಕಿನ ಕಂಬಿ ಮೇಲೆದ್ದರೆ ಬಾಗಿಲು ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಏಳುವುದು ಇಳಿಯುವುದು ನಾಲ್ಕು ಬೆರಳಿನಷ್ಟೇ. ಆದರೆ ಯಾವ ಗಳಿಗೆಯಲ್ಲಿ ಎಷ್ಟು ತೆರೆದಿದೆ ಎಂದು ತಿಳಿಯದಿದ್ದರೆ ಟರ್ಬೈನ್ ಕೈಮೀರುತ್ತದೆ. ಅದನ್ನು ತಿಳಿಸುವುದು ಒಂದು ಸೆನ್ಸರ್. ನೋಡಲು ಗಿಡ್ಡ ಕೊಳವೆ. ಒಳಗೆ ಸಣ್ಣ ತಂತಿಯ ಸುರುಳಿಗಳು, ನಡುವೆ ಒಂದು ಸರಳು. ವಾಲ್ವಿನ ಕಂಬಿಯ ಜೊತೆ ಆ ಸರಳೂ ಸುರುಳಿಗೆ ತಾಗದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಬಾವಿಗೆ ಕೊಡ ಬಿಟ್ಟಾಗ ಎಷ್ಟು ಇಳಿಯಿತೆಂದು ಹಗ್ಗ ಕೈಗೆ ಹೇಳುವುದಿಲ್ಲವೇ, ಹಾಗೆ ಅದು ದೂರದ ಕಂಟ್ರೋಲ್ ರೂಮಿಗೆ ಹೇಳುತ್ತದೆ.

ಕಷ್ಟವೆಂದರೆ ಅದು ಕೂರುವ ಜಾಗ. ಒಳಗಿನ ಹಬೆಯ ಒತ್ತಡ, ಕಾವು ಎರಡೂ ವಿಪರೀತ. ಒಲೆಯ ಮೇಲಿನ ಹೆಂಚು ಅದರ ಮುಂದೆ ತಣ್ಣಗೆ. ತಂತಿಯ ಮೇಲಿನ ಲೇಪ ಒಣಗಿ ಬಿರಿಯುತ್ತದೆ, ಲೆಕ್ಕ ತಪ್ಪುತ್ತದೆ. ಅಂಥವನ್ನು ಪರೀಕ್ಷಿಸುವುದು, ಬದಲಾಯಿಸುವುದು ನನ್ನ ಕೆಲಸ.

ಸಂಧ್ಯಾಳಿಗೆ ಹೊಸ ಬಣ್ಣದ ಪೆನ್ಸಿಲ್ ಡಬ್ಬಿ ಕಳಿಸುತ್ತಿದ್ದೇನೆ. ಆ ಹುಡುಗಿಗೂ ಒಂದು ಇದೆ, ಇಬ್ಬರಿಗೂ ಕೊಡಿ.

ನಿಮ್ಮ ಸೊಸೆ
ದುರ್ಗಾಂಬಿಕಾ


ಬಿಳಿಚೋಡು
೮ ಡಿಸೆಂಬರ್ ೨೦೨೪

ದುರ್ಗಾ,

ಪೆನ್ಸಿಲ್ ಬಂದವು. ಇಬ್ಬರೂ ಈಗ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಹಗ್ಗದ ಮಾತು ತಿಳಿಯಿತು. ಚೆನ್ನಾಗಿ ಹೇಳಿದ್ದೀಯ. ಆದರೆ ನಾನು ಕೇಳಿದ್ದು ಅದಲ್ಲ.

ಆ ದಿನ ಅವನನ್ನು ಮನೆಗೆ ತಂದಾಗ ಜೊತೆಗೆ ಕಾರ್ಖಾನೆಯ ಇಬ್ಬರು ಬಂದಿದ್ದರು. ನೀನು ಒಳಗೆ ಎಚ್ಚರ ತಪ್ಪಿ ಬಿದ್ದಿದ್ದೆ. ಒಬ್ಬರು ನಿನ್ನ ಮಾವನಿಗೆ, “ಹೋಗಬಾರದ ಜಾಗಕ್ಕೆ ಹೋಗಿದ್ದ ಯಜಮಾನ್ರೆ, ಹುಷಾರಿರಬೇಕಿತ್ತು” ಎಂದರು. ನಿನ್ನ ಮಾವ ತಲೆ ತಗ್ಗಿಸಿದರು. ಅವತ್ತಿನಿಂದ ಈವತ್ತಿನವರೆಗೆ ಮಗನ ಹೆಸರು ಅವರ ಬಾಯಲ್ಲಿ ಬಂದಿಲ್ಲ. ಕುರಿ ಹೊಡೆದುಕೊಂಡು ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಊರಿನವರು ಆ ಮಾತಿಗೆ ಹೆಂಡದ ಬಾಲ ಸೇರಿಸಿಕೊಂಡರು.

ತಿಮ್ಮೇಶ ಈಜು ಬಂದರೂ ಕೆರೆಗೆ ಒಬ್ಬನೇ ಇಳಿದವನಲ್ಲ. ಅಂಥವನು ಹೋಗಬಾರದ ಜಾಗಕ್ಕೆ ಹೋದನೇ? ನನಗೆ ನೋವಾಗುತ್ತದೆಂದು ನೀನು ಸುಮ್ಮನಿದ್ದೀಯ ಅನ್ನಿಸುತ್ತದೆ. ಗೊತ್ತಿಲ್ಲದ ನೋವನ್ನು ಹೊತ್ತು ಸಾಕಾಗಿದೆ ಮಗಳೇ. ಗೊತ್ತಿರುವ ನೋವನ್ನು ಕೊಡು.

ಉಚ್ಚಂಗೆಮ್ಮ


ಹೊನ್ನಾಳಿ
೫ ಜನವರಿ ೨೦೨೫

ಅತ್ತೆ,

ಈ ಕಾಗದವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ಸಂಧ್ಯಾ ಶಾಲೆಗೆ ಹೋದ ಮೇಲೆ ಓದಿ. ಆಗುವುದಾದರೆ ಮಾವ ಹತ್ತಿರ ಇರುವಾಗ ಓದಿ.

ಅವರು ಹೋಗಬಾರದ ಜಾಗಕ್ಕೆ ಹೋಗಲಿಲ್ಲ. ಅವರನ್ನು ಕಳಿಸಿದ್ದರು.

ಅವರಿದ್ದ ಕಾರ್ಖಾನೆಯಲ್ಲಿ ವಾಲ್ವಿನ ಸೆನ್ಸರ್ ಕಾವಿಗೆ ಸುಟ್ಟಿತ್ತು. ಸಾಧಾರಣ ಕೆಲಸಕ್ಕೆ ಮಾಡಿದ ಸೆನ್ಸರನ್ನು ಅಂಥ ಕಾವಿನಲ್ಲಿ ಕೂರಿಸಿದ್ದರು. ಕಂಟ್ರೋಲ್ ರೂಮಿನಲ್ಲಿ ಅಂಕಿ ಎಲ್ಲೆಲ್ಲಿಗೋ ಹಾರುತ್ತಿತ್ತು. ಹೊಸದು ತರಿಸುವವರೆಗೆ ಟರ್ಬೈನ್ ನಿಲ್ಲಿಸಲು ಅವರಿಗೆ ಮನಸ್ಸಿರಲಿಲ್ಲ. ವಾಲ್ವಿನ ಪಕ್ಕದಲ್ಲಿ ಒಂದು ಸ್ಕೇಲ್ ಇರುತ್ತದೆ, ಶಾಲೆಯ ಮಕ್ಕಳ ಅಡಿಪಟ್ಟಿಯ ಹಾಗೆ, ಕಂಬಿಯ ಮೇಲೊಂದು ಮುಳ್ಳು. ಅದನ್ನು ಕಣ್ಣಿನಿಂದ ನೋಡಿ ವಾಕಿಟಾಕಿಯಲ್ಲಿ ಹೇಳಲು ಒಬ್ಬ ಮನುಷ್ಯನನ್ನು ನಿಲ್ಲಿಸಿದರು. ಅವತ್ತು ಆ ಮನುಷ್ಯ ಇವರು.

ಕಂಬಿಯ ಸುತ್ತ ಹಬೆ ಸೋರದಂತೆ ಪ್ಯಾಕಿಂಗ್ ತುಂಬಿರುತ್ತಾರೆ. ಅದು ಸವೆದಿತ್ತು. ಅತ್ತೆ, ನಾವು ಅಡುಗೆಮನೆಯಲ್ಲಿ ನೋಡುವ ಬೆಳ್ಳಗಿನ ಹಬೆ ತಣಿದ ಹಬೆ. ಅಷ್ಟು ಕಾವಿನ ಹಬೆ ಕಣ್ಣಿಗೆ ಕಾಣುವುದೇ ಇಲ್ಲ. ಸದ್ದು ಮಾತ್ರ ಕೇಳುತ್ತದೆ, ಆ ಗದ್ದಲದಲ್ಲಿ ಸದ್ದು ಯಾವ ಕಡೆಯದು ಎಂದೂ ತಿಳಿಯುವುದಿಲ್ಲ. ಪ್ಯಾಕಿಂಗ್ ಒಮ್ಮೆಲೇ ಕಿತ್ತುಬಂತು. ಅವರು ಹಬೆ ಸೋರುವುದನ್ನು ಕಂಡೂ ಹತ್ತಿರ ಹೋದವರಲ್ಲ, ಮೈಮರೆತೂ ಇರಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಇವರ ಅಂಕಿ ಬರೆದುಕೊಳ್ಳುತ್ತಿದ್ದ ಸುನೀತಾ ಎಂಬವರು ಆಮೇಲೆ ನಾನು ತವರಿನಲ್ಲಿದ್ದಾಗ ಕತ್ತಲಗೆರೆಗೆ ಬಂದು ಇದನ್ನೆಲ್ಲ ನನಗೆ ಹೇಳಿದರು. “ಕೊನೇವರ್ಗೂ ಅಂಕಿ ಸರಿಯಾಗೇ ಹೇಳ್ತಿದ್ರು ಕಣ್ರಿ, ಒಂದೂ ತಪ್ಪಿಸ್ಲಿಲ್ಲ” ಎಂದು ಅತ್ತರು. ಅವರೂ ಕೆಲಸ ಬಿಟ್ಟರು.

ನಾನು ನಿಮಗೆ ಹೇಳದೆ ಇದ್ದದ್ದು ಏಕೆಂದರೆ, ಆ ಜಾಗದ ಚಿತ್ರ ನನ್ನ ಕಣ್ಣಿನಲ್ಲಿ ಕೂತಿದೆ. ನಿಮ್ಮ ಕಣ್ಣಿಗೂ ಅದನ್ನು ಏಕೆ ಹಾಕಲಿ ಅಂದುಕೊಂಡಿದ್ದೆ. ಈ ಕೆಲಸಕ್ಕೆ ಸೇರುತ್ತೇನೆ ಎಂದಾಗ ನೀವು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿರಿ. ಆಗಲೂ ಹೇಳಲಾಗಲಿಲ್ಲ. ಆ ಕೊಳವೆಯಂಥ ವಸ್ತು ಒಂದು ಸರಿಯಿದ್ದಿದ್ದರೆ ಅಲ್ಲಿ ಮನುಷ್ಯನೇ ಬೇಕಿರಲಿಲ್ಲ. ಅದನ್ನು ಸರಿಯಿಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಮನೆಯಲ್ಲಿ ಕೂರಲು ನನ್ನಿಂದ ಆಗಲಿಲ್ಲ.

ನಿಮ್ಮ ಮಗ ಹುಷಾರಾಗಿಯೇ ಇದ್ದರು ಅತ್ತೆ.

ದುರ್ಗಾ


ಬಿಳಿಚೋಡು
೧೬ ಜನವರಿ ೨೦೨೫

ಮಗಳೇ,

ಸಂಕ್ರಾಂತಿ ಮುಗಿಯಲಿ ಎಂದು ಕಾದು, ನಿನ್ನೆ ಮಧ್ಯಾಹ್ನ ನಿನ್ನ ಕಾಗದವನ್ನು ನಿನ್ನ ಮಾವನಿಗೆ ಓದಿ ಹೇಳಿದೆ. ಕಟ್ಟೆಯ ಮೇಲೆ ಕೂತು ಕುರಿಯ ಕಾಲಿನ ಮುಳ್ಳು ಕೀಳುತ್ತಿದ್ದರು. ನಾನು ಓದಿ ಮುಗಿಸಿದೆ. ಅವರು ಮುಳ್ಳು ಕಿತ್ತು, ಕುರಿಯನ್ನು ಬಿಟ್ಟು, ಕೈ ತೊಳೆದುಕೊಂಡು ಬಂದು, “ಇನ್ನೊಂದು ಸಲ ಓದು” ಎಂದರು. ಓದಿದೆ. “ಕಳಿಸಿದ್ರಂತೆ” ಎಂದರು. ಆಮೇಲೆ ಹಿತ್ತಲಿಗೆ ಹೋದರು. ಹೋಗಲಿ ಎಂದು ಬಿಟ್ಟೆ.

ಸಂಜೆ ಊಟಕ್ಕೆ ಕೂತಾಗ, “ತಿಮ್ಮನಿಗೆ ಅವರೆಕಾಳು ಸಾರು ಅಂದ್ರೆ ಭಾಳ ಸೇರ್ತಿತ್ತು” ಎಂದರು. ಅಷ್ಟೇ. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ದುಃಖವೋ ಸಮಾಧಾನವೋ ಗೊತ್ತಾಗಲಿಲ್ಲ.

ಈ ಸಲ ಮಂದೆ ಹೊಡೆದುಕೊಂಡು ಹೊನ್ನಾಳಿ ಕಡೆಯ ಬಯಲಿಗೆ ಹೊರಟಿದ್ದಾರೆ. ಅಲ್ಲಿ ಹೊಲದವರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ನಿನ್ನನ್ನು ನೋಡಲು ಬಂದರೂ ಬರಬಹುದು. ಅವರಾಗಿ ಬರಲಿ, ನೀನು ಕರೆಯಬೇಡ.

ಸಂಧ್ಯಾಳಿಗೆ ಇನ್ನೂ ಏನೂ ಹೇಳಿಲ್ಲ. ಮೊದಲು ನನ್ನ ಎದೆಯೊಳಗೆ ಇದು ಸರಿಯಾಗಿ ಕೂರಲಿ.

ನಾನು ಮಾತು ಬಿಟ್ಟ ಆ ದಿನಗಳಲ್ಲಿ ನೀನು ದಿನಾ ಸಂಜೆ ನನ್ನ ಕಾಲಿಗೆ ಎಣ್ಣೆ ತಿಕ್ಕಿದೆ. ಅದು ನನಗೆ ಮರೆತಿಲ್ಲ.

ಅತ್ತೆ


ಹೊನ್ನಾಳಿ
೧೬ ಫೆಬ್ರವರಿ ೨೦೨೫

ಅತ್ತೆ,

ಕಳೆದ ವಾರ ಫೋನಿನಲ್ಲಿ ನನ್ನ ದನಿ ಸರಿಯಿಲ್ಲ ಎಂದು ನೀವು ಕೇಳಿದಿರಿ. ನೆಗಡಿ ಎಂದೆ. ನೆಗಡಿಯಲ್ಲ.

ನಮ್ಮ ವಾಲ್ವಿನ ಸೆನ್ಸರ್ ಕೈಕೊಟ್ಟಿತು. ಎರಡಿದ್ದವು, ಅದರಲ್ಲಿ ಒಂದು ಹಿಂದಿನ ತಿಂಗಳೇ ಹೋಗಿತ್ತು. ಉಳಿದದ್ದರ ಅಂಕಿಯೂ ನಡುಗಲು ಶುರುವಾಯಿತು. ಹೆಚ್ಚು ಕಾವು ತಡೆಯುವ ಹೊಸ ಸೆನ್ಸರ್ ಬೇಕೆಂದು ನಾನು ಸೀಜನ್ನಿಗೆ ಮೊದಲೇ ಕೇಳಿದ್ದೆ. ಅದು ಪುಣೆಯಿಂದ ಹೊರಟು ದಾರಿಯಲ್ಲಿತ್ತು. ಶಿಫ್ಟ್ ನೋಡಿಕೊಳ್ಳುವ ಕೆಂಚೇಶ್ ಬಂದು, ಅಪಾಯದ ಜಾಗಕ್ಕೆ ಆಳು ಕಳಿಸುವ ಅನುಮತಿಯ ಕಾಗದ ಮುಂದಿಟ್ಟರು.

“ಮೇಡಂ, ಓಂಕಾರಪ್ಪನ್ನ ಮೇಲೆ ನಿಲ್ಸಾಣ. ಸ್ಕೇಲ್ ನೋಡಿ ಹೇಳ್ತಾನೆ. ನೀವು ಪರ್ಮಿಟ್‌ಗೆ ಸೈನ್ ಹಾಕ್ರಿ.”

ಓಂಕಾರಪ್ಪ ನ್ಯಾಮತಿ ತಾಲ್ಲೂಕಿನ ಸವಳಂಗದವರು, ದಿನಾ ಬೈಕಿನಲ್ಲಿ ಬಂದು ಹೋಗುತ್ತಾರೆ. ಮಗಳ ಮದುವೆ ಗೊತ್ತು ಮಾಡಿದ್ದಾರೆ, ನನಗೂ ಕರೆ ಕೊಟ್ಟಿದ್ದಾರೆ. ಆ ಮನುಷ್ಯ ಅಲ್ಲೇ ನಿಂತು, “ನಾ ಹೋಗ್ತೀನಿ ಬಿಡ್ರಿ ಮೇಡಂ, ಏನಾಗಲ್ಲ” ಎಂದರು.

ನನ್ನ ಕೈ ಪೆನ್ನು ಮುಟ್ಟಲಿಲ್ಲ. “ಹಾಕಲ್ಲ ರೀ” ಎಂದೆ.

ಮ್ಯಾನೇಜರ್ ತಿಪ್ಪೇರುದ್ರಸ್ವಾಮಿ ಬಂದರು. ಕೆಟ್ಟವರಲ್ಲ, ಆದರೆ ಸೀಜನ್ನಿನಲ್ಲಿ ಅವರ ತಲೆಯ ಮೇಲೆ ಬೆಟ್ಟವಿರುತ್ತದೆ. “ಟರ್ಬೈನ್ ನಿಲ್ಸು ಅಂದ್ರೆ ಮೇಲಿನೋರಿಗೆ ನಾನೇನಮ್ಮ ಹೇಳ್ಲಿ?” ಎಂದರು.

“ಸಾರ್, ಕಬ್ಬು ಅರೆಯೋದು ನಿಲ್ಲಲ್ಲ. ಹಬೆನ ಬೇರೆ ದಾರಿಯಾಗೆ ಬಿಡಾಣ, ಮಿಲ್ಲಿಗೆ ಹೊರಗಿನ ಕರೆಂಟ್ ತಗಳಾಣ. ನಾವು ಮಾರೋ ಕರೆಂಟ್ ಮಾತ್ರ ನಿಲ್ತೈತೆ.”

“ಮಾತ್ರ ಅಂತ ಎಷ್ಟು ಸಲೀಸಾಗಿ ಹೇಳ್ತೀಯ! ಬರೀ ನಾಕು ದಿನ. ಎಲ್ಲಾ ಕಡೆ ಹಿಂಗೇ ಮಾಡ್ತಾರೆ.”

“ಹೌದು ಸಾರ್, ಮಾಡ್ತಾರೆ. ನನ್ನ ಗಂಡ ಹಿಂಗೇ ಸ್ಕೇಲ್ ನೋಡಾಕೆ ಹೋಗಿ ಸತ್ತಿದ್ದು.”

ಇಲ್ಲಿ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ ಅತ್ತೆ. ಗಂಡನಿಲ್ಲದವಳು ಎಂದಷ್ಟೇ ಗೊತ್ತಿತ್ತು. ಕೆಂಚೇಶ್ ಕಾಗದವನ್ನು ಮೇಜಿನಿಂದ ಮೆಲ್ಲಗೆ ಎತ್ತಿಕೊಂಡರು. ಮ್ಯಾನೇಜರ್ ಸಾಹೇಬರ ಫೋನು ಹೊಡೆದುಕೊಳ್ಳುತ್ತಿತ್ತು, ಅವರು ತೆಗೆಯಲಿಲ್ಲ. ಹೆಲ್ಮೆಟ್ ಹಾಕಿಕೊಂಡು ವಾಕಿಟಾಕಿ ತೆಗೆದುಕೊಂಡರು. “ನಾನೇ ನೋಡಿ ಬರ್ತೀನಿ” ಎಂದರು.

“ಬ್ಯಾಡ ಸಾರ್” ಎಂದೆ. ಅಡ್ಡ ಹೋಗಿ ನಿಂತೆ.

“ನಿಂಗೆ ಸೈನ್ ಕೇಳ್ತಿಲ್ವಲ್ಲಮ್ಮ” ಎಂದು ಪಕ್ಕದಿಂದ ಹಾದುಹೋದರು.

ನಾವು ಕಂಟ್ರೋಲ್ ರೂಮಿನಲ್ಲಿ ನಿಂತು ಕೇಳಿದೆವು. ಅವರ ದನಿ ಬಂತು. ಒಂದು ಅಂಕಿ. ಇನ್ನೊಂದು ಅಂಕಿ. ಆಮೇಲೆ ಬರೀ ಗೊರಗೊರ. “ಸಾರ್? ಸಾರ್?” ಎಂದು ಕೆಂಚೇಶ್ ಕೂಗುತ್ತಿದ್ದರು. ಸುನೀತಾ ಅವತ್ತು ಏನನ್ನು ಕೇಳಿಸಿಕೊಂಡಿರಬಹುದು ಎಂದು ನನಗೆ ಈಗ ಗೊತ್ತು.

ಬಾಗಿಲು ತೆರೆಯಿತು. ಸಾಹೇಬರೇ. ಅಂಗಿ ಮೈಗೆ ಅಂಟಿತ್ತು, ಕನ್ನಡಕ ಕೈಯಲ್ಲಿತ್ತು. ನೀರು ಕುಡಿದರು. “ಆ ಮುಳ್ಳು ಕಾಣ್ಬೇಕಂದ್ರೆ ಮುಖಾನ ಅದರ ಹತ್ರಕ್ಕೇ ಒಯ್ಯಬೇಕು” ಎಂದರು, ಯಾರಿಗೆ ಎಂದಿಲ್ಲದೆ. “ಎಲ್ಲೋ ಸುಯ್ ಅಂತಿತ್ತು. ಎಲ್ಲಿ ಅಂತ ಗೊತ್ತಾಗ್ಲಿಲ್ಲ.” ಕುರ್ಚಿಯಲ್ಲಿ ಕೂತು ಕೆಂಚೇಶ್ ಕಡೆ ನೋಡಿ, “ನಿಲ್ಸಿ” ಎಂದರು.

ಟರ್ಬೈನಿನ ಸದ್ದು ಇಳಿಯುತ್ತ ಇಳಿಯುತ್ತ ಹೋಯಿತು. ನಾನು ಹೊರಗೆ ಸಿಪ್ಪೆಯ ರಾಶಿಯ ಹಿಂದೆ ಹೋಗಿ ಬಾಯಿಬಿಟ್ಟು ಅತ್ತುಬಿಟ್ಟೆ. ಓಂಕಾರಪ್ಪ ದೂರದಲ್ಲಿ ನಿಂತಿದ್ದರು, ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ. ಆಮೇಲೆ ಟೀ ತಂದುಕೊಟ್ಟರು.

ಮೇಲಿನವರು ಸಾಹೇಬರನ್ನು ಬೆಂಗಳೂರಿಗೆ ಕರೆಸಿ ಕೇಳಿದರಂತೆ. ಅವರು ನನ್ನ ಹೆಸರು ಹೇಳಲಿಲ್ಲ, ತಮ್ಮದೇ ತೀರ್ಮಾನ ಎಂದರಂತೆ.

ದುರ್ಗಾ


ಬಿಳಿಚೋಡು
೨೭ ಫೆಬ್ರವರಿ ೨೦೨೫

ಮಗಳೇ,

ನಿನ್ನ ಸಾಹೇಬರಿಗೆ ಎಳ್ಳುಂಡೆ ಮಾಡಿ ಕಳಿಸುತ್ತಿದ್ದೇನೆ. ಬಿಳಿಚೋಡಿನ ಒಬ್ಬ ಮುದುಕಿ ಕೊಟ್ಟಳು ಎಂದು ಹೇಳು, ಬೇರೆ ಏನೂ ಹೇಳಬೇಡ.

ಆ ಓಂಕಾರಪ್ಪನ ಮಗಳ ಮದುವೆಗೆ ಹೋಗು. ನೀನು ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟು ವರ್ಷಗಳಾದವು. ನನ್ನ ಹಸಿರು ರೇಷ್ಮೆ ಸೀರೆಯೂ ಇದೇ ಗಂಟಿನಲ್ಲಿದೆ, ಅದನ್ನೇ ಉಡು. ಹೂವು ಮುಡಿದುಕೊಂಡು ಹೋಗು. ಯಾರಾದರೂ ಏನಾದರೂ ಅಂದರೆ ನಮ್ಮತ್ತೆ ಮುಡಿಯಲು ಹೇಳಿದ್ದಾರೆ ಅನ್ನು.

ಅತ್ತೆ


ಹೊನ್ನಾಳಿ
೩೦ ಮಾರ್ಚ್ ೨೦೨೫

ಅತ್ತೆ,

ಮದುವೆಗೆ ಹೋಗಿದ್ದೆ. ಸೀರೆ ಉಟ್ಟಿದ್ದೆ. ಹೂವನ್ನೂ ಮುಡಿದಿದ್ದೆ. ಯಾರೂ ಏನೂ ಅನ್ನಲಿಲ್ಲ. ಓಂಕಾರಪ್ಪನ ಹೆಂಡತಿ ನನ್ನ ಕೈಹಿಡಿದು ಊಟದ ಸಾಲಿನಲ್ಲಿ ಕೂರಿಸಿ ತಾವೇ ಬಡಿಸಿದರು.

ಸೆನ್ಸರ್ ಬಂದ ದಿನವೇ ಕೂರಿಸಿದೆವು. ಹೊಸದರ ತಂತಿ ಪಿಂಗಾಣಿಯಂಥ ಪುಡಿ ತುಂಬಿದ ಉಕ್ಕಿನ ಕೊಳವೆಯೊಳಗೆ ಇದೆ, ಬಿರಿಯಲು ಲೇಪವೇ ಇಲ್ಲ. ಅದರ ಸೂಕ್ಷ್ಮ ಭಾಗಗಳನ್ನು ಬಿಸಿಯ ಹತ್ತಿರ ಇಟ್ಟೇ ಇಲ್ಲ, ದೂರದ ತಂಪು ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಪ್ಯಾಕಿಂಗನ್ನೂ ಬದಲಾಯಿಸಿದರು. ಸೀಜನ್ ಮುಗಿಯುವವರೆಗೆ ಅಂಕಿ ಒಮ್ಮೆಯೂ ನಡುಗಲಿಲ್ಲ, ಯಾರೂ ವಾಲ್ವಿನ ಪಕ್ಕದ ಆ ಅಟ್ಟಣಿಗೆ ಹತ್ತಲಿಲ್ಲ.

ಮೊನ್ನೆ ಕೊನೆಯ ಲಾರಿ ಅರೆದು ಎಲ್ಲವನ್ನೂ ನಿಲ್ಲಿಸಿದರು. ನಿನ್ನೆ ಮಾವ ಬಂದರು. ಗೇಟಿನ ಹತ್ತಿರ ಕಂಬಳಿ ಹೊದ್ದು ನಿಂತಿದ್ದರು. ವಾಚ್‌ಮನ್ ಯಾರು ಬೇಕೆಂದು ಕೇಳಿದ್ದಕ್ಕೆ, “ನಮ್ಮ ಹುಡುಗಿ ಒಳಗೈತೆ” ಎಂದರಂತೆ.

ಊಟ ಮಾಡಿಸಿದೆ. ಆಮೇಲೆ ಅವರು, “ಆ ಜಾಗ ಇಲ್ಲೂ ಐತೇನವ್ವ?” ಎಂದರು. ಸಾಹೇಬರನ್ನು ಕೇಳಿದೆ. ಅವರು ತಾವೇ ಹೆಲ್ಮೆಟ್ ತಂದುಕೊಟ್ಟರು. ರುಮಾಲಿನ ಮೇಲೆ ಅದು ಕೂರಲಿಲ್ಲ. ಮಾವ ರುಮಾಲು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅವರ ಬರಿದಲೆಯನ್ನು ನಾನು ನೋಡಿದ್ದು ಇದೇ ಮೊದಲು, ಅದೆಷ್ಟು ನರೆತಿದೆ ಅತ್ತೆ.

ಅಟ್ಟಣಿಗೆ ಹತ್ತಿ ನಿಂತೆವು. ಎಲ್ಲ ತಣ್ಣಗಿತ್ತು. ಮಾವ ಆ ಕಂಬಿಯನ್ನು ಕೈಯಿಂದ ಮುಟ್ಟಿದರು. ಸುತ್ತ ತಿರುಗಿ ನೋಡಿದರು. ತೋಳ ಬಂದರೆ ಮಂದೆಯನ್ನು ಯಾವ ಕಡೆ ಬಿಡಬೇಕೆಂದು ನೋಡುತ್ತಾರಲ್ಲ, ಹಾಗೆ.

“ಓಡಾಕೆ ದಾರಿ ಯಾವ ಕಡೆ?” ಎಂದರು.

“ಇದೊಂದೇ ಮೆಟ್ಟಿಲು ಮಾವ. ಹತ್ತಿ ಬಂದ್ವಲ್ಲ, ಇದೇ.”

“ಅಲ್ಲೂ ಒಂದೇ ಇತ್ತಾ?”

“ಹ್ಞೂಂ.”

ತುಂಬ ಹೊತ್ತು ಕಂಬಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಇಳಿದು ಬಂದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, “ಕೆಲಸ ಬಿಡಬ್ಯಾಡ” ಎಂದರು. ರುಮಾಲು ಸುತ್ತಿಕೊಂಡು ಮಂದೆಯ ಕಡೆ ನಡೆದರು.

ನನಗೆ ಇನ್ನು ಹದಿನೈದು ದಿನದ ರಿಪೇರಿ ಕೆಲಸವಿದೆ. ಅದು ಮುಗಿದ ಕೂಡಲೇ ಊರಿಗೆ.

ದುರ್ಗಾ


ಬಿಳಿಚೋಡು
೭ ಏಪ್ರಿಲ್ ೨೦೨೫

ಮಗಳೇ ದುರ್ಗಾ,

ನಿನ್ನೆ ಸಂಧ್ಯಾಳಿಗೆ ಹೇಳಿದೆ.

ತಲೆ ಬಾಚುತ್ತಿದ್ದೆ. ಮುಖ ಆ ಕಡೆ ಇದ್ದದ್ದು ಒಳ್ಳೆಯದಾಯಿತು, ಇಬ್ಬರಿಗೂ. ನೀನು ಬರೆದಂತೆಯೇ ಹೇಳಿದೆ. ಬಾಗಿಲು, ಕಂಬಿ, ಸುಟ್ಟುಹೋದ ಕೊಳವೆ, ಅಡಿಪಟ್ಟಿ, ಕಾಣದ ಹಬೆ. ಅಪ್ಪ ಕುಡಿದಿರಲಿಲ್ಲ, ಹುಷಾರು ತಪ್ಪಿರಲಿಲ್ಲ, ಕೆಲಸಕ್ಕೆ ಕಳಿಸಿದ್ದರು, ಕೆಲಸ ಮಾಡುತ್ತಿದ್ದ ಎಂದೆ. ನಿಮ್ಮಮ್ಮ ಇನ್ನೊಬ್ಬರನ್ನು ಹಾಗೆ ಕಳಿಸಲು ಬಿಡಲಿಲ್ಲ ಎಂದೂ ಹೇಳಿದೆ.

ಜಡೆ ಹೆಣೆದು ಮುಗಿಯುವವರೆಗೆ ಅಲ್ಲಾಡದೆ ಕೂತಿದ್ದಳು. ಅತ್ತಳು, ಹೆಚ್ಚಲ್ಲ. ನನ್ನ ಮಡಿಲಲ್ಲಿ ತಲೆಯಿಟ್ಟಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. “ಅಲ್ಲಿಗೆ ಹೋಗುವಾಗ ಅಪ್ಪನಿಗೆ ಹೆದರಿಕೆ ಆಗಿತ್ತಾ ಅಜ್ಜಿ?”

ಇಲ್ಲ, ನಿಮ್ಮಪ್ಪ ಹುಲಿ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. “ನಂಗೆ ಗೊತ್ತಿಲ್ಲ ಕಣವ್ವಾ, ನಿಮ್ಮಮ್ಮನ್ನ ಕೇಳಾಣ” ಎಂದೆ.

ಫೋನಿನಲ್ಲಿ ಬೇಡವಂತೆ. “ಅಮ್ಮ ನಿಂಗೆ ಬರೀತಾಳಲ್ಲ, ನಂಗೂ ಬರೀಲಿ” ಎಂದಳು. ಅವಳೀಗ ಕೂಡಿಸಿ ಓದುತ್ತಾಳೆ. ಬರೆ.

ನಿನ್ನ ಅತ್ತೆ
ಉಚ್ಚಂಗೆಮ್ಮ


ಹೊನ್ನಾಳಿ
೧೧ ಏಪ್ರಿಲ್ ೨೦೨೫

ನನ್ನ ಬಂಗಾರ ಸಂಧ್ಯಾರಾಣಿಗೆ,

ಅಮ್ಮ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ತಿಳಿಯದ ಪದವನ್ನು ಅಜ್ಜಿಯ ಹತ್ತಿರ ಕೇಳು.

ಹೌದು ಪುಟ್ಟಾ, ಅಪ್ಪನಿಗೆ ಹೆದರಿಕೆ ಆಗಿತ್ತು.

ಅವತ್ತು ಮಧ್ಯಾಹ್ನ ಅಪ್ಪ ನನಗೆ ಫೋನ್ ಮಾಡಿದ್ದರು. ಮೊದಲು ನೀನು ಉಂಡೆಯಾ ಎಂದು ಕೇಳಿದರು. ನೀನು ಉಣ್ಣದೆ ಅನ್ನವನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಅದನ್ನು ಹೇಳಿದೆ, ಅಪ್ಪ ನಕ್ಕರು. ಆಮೇಲೆ, “ಇವತ್ತು ವಾಲ್ವ್ ಹತ್ರ ನನ್ನೇ ನಿಲ್ಲಾಕೆ ಹಾಕ್ಯಾರೆ. ಭಾಳ ಸುಡ್ತೈತೆ ಅಲ್ಲಿ. ಹೆದ್ರಿಕೆ ಆಗ್ತೈತೆ ಕಣೆ” ಎಂದರು.

“ಹಂಗಾದ್ರೆ ಹೋಗಲ್ಲ ಅನ್ರಿ” ಎಂದೆ.

ಅಪ್ಪ ಒಪ್ಪಲಿಲ್ಲ. “ನಾನು ಹೋಗಲ್ಲ ಅಂದ್ರೆ ಇನ್ನೊಬ್ಬನ್ನ ಕಳಿಸ್ತಾರೆ” ಎಂದರು.

ಇದನ್ನು ನಾನು ಅಜ್ಜಿಗೂ ಹೇಳಿರಲಿಲ್ಲ. ಮೊದಲು ನಿನಗೇ ಹೇಳುತ್ತಿದ್ದೇನೆ, ನೀನೇ ಕೇಳಿದೆಯಲ್ಲ. ಓದಿದ ಮೇಲೆ ಅಜ್ಜಿಗೂ, ಮಂದೆಯಿಂದ ಬಂದ ಮೇಲೆ ತಾತನಿಗೂ ಓದಿ ಹೇಳು. ತಾತ ಇನ್ನೊಂದು ಸಲ ಓದು ಎಂದರೆ ಬೇಸರ ಮಾಡಿಕೊಳ್ಳಬೇಡ, ಓದು.

ಹತ್ತೊಂಬತ್ತನೇ ತಾರೀಕು, ಶನಿವಾರ ಸಂಜೆಯ ಬಸ್ಸಿಗೆ ಬರುತ್ತಿದ್ದೇನೆ. ಶಾಲೆ ತೆರೆಯುವವರೆಗೂ ಊರಿನಲ್ಲೇ ಇರುತ್ತೇನೆ. ಅಪ್ಪನ ಬಗ್ಗೆ ಏನು ಬೇಕಾದರೂ ಕೇಳು, ಎಷ್ಟು ಬೇಕಾದರೂ ಕೇಳು. ಗೊತ್ತಿದ್ದದ್ದನ್ನೆಲ್ಲ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತೇನೆ. ಇಬ್ಬರಿಗೂ ಅಳು ಬಂದರೆ ಅಳೋಣ.

ನಿನ್ನ
ಅಮ್ಮ